ಟಾನ್ಸಿಲ್‌ಗೆ ಕತ್ತರಿ ಹಾಕಿಸುವ ಮುನ್ನ

2025ರ ಜನವರಿ 6ರಂದು ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್.ಎಂ.ಪಿ.ವಿ. ಎಂಬ ವೈರಸ್ ಪತ್ತೆಯಾಗಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿತು. ಒಂದು ಮಗುವಿಗೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು. ಒಂದು ಆಗಲೇ ಗುಣವಾಗಿ ಮನೆ ಸೇರಿತ್ತು, ಇನ್ನೊಂದು ಚೇತರಿಸಿಕೊಳ್ಳುತ್ತಿತ್ತು. ಆದರೂ ಹನುಮಂತನಗರ, ಶ್ರೀನಗರ, ಗವಿಪುರದ ಮನೆಗಳಲ್ಲಿ ಆ ವಾರ ಮಕ್ಕಳು ಒಂದು ಸೀನು ಸೀನಿದರೂ ದೊಡ್ಡವರ ಎದೆ ಝಲ್ಲೆನ್ನುತ್ತಿತ್ತು. ವಾಸ್ತವವಾಗಿ ಈ ವೈರಸ್ ಹೊಸದೇನಲ್ಲ. ಹಾಲೆಂಡಿನ ವಿಜ್ಞಾನಿಗಳು ಅದನ್ನು ಗುರುತಿಸಿ ಹೆಸರಿಟ್ಟದ್ದು 2001ರಲ್ಲಿ. ಅದಕ್ಕೂ ದಶಕಗಳ ಮೊದಲಿನಿಂದಲೇ ಅದು ಮನುಷ್ಯರ ನಡುವೆ ಓಡಾಡಿಕೊಂಡಿತ್ತು. ಐದು ವರ್ಷ ತುಂಬುವಷ್ಟರಲ್ಲಿ ಬಹುಪಾಲು ಮಕ್ಕಳು ಅದರ ಸೋಂಕನ್ನು ಒಮ್ಮೆಯಾದರೂ ಕಂಡಿರುತ್ತಾರೆ.

ಆಗ ಎಲ್ಲರೂ ವೈರಸ್ಸಿನ ಬಗ್ಗೆ ಕೇಳಿದರು. ನೇರ ಔಷಧಿಯೂ ಇಲ್ಲದ, ಲಸಿಕೆಯೂ ಇಲ್ಲದ ಆ ವೈರಸ್ಸನ್ನು ಇಷ್ಟೊಂದು ಮಕ್ಕಳು ಹೇಗೆ ಗೆದ್ದು ಬರುತ್ತಾರೆ ಎಂದು ಕೇಳಿದವರು ವಿರಳ. ಉತ್ತರದ ಒಂದು ಪಾಲು ಮಗುವಿನ ಗಂಟಲಲ್ಲೇ ಇದೆ. ಬಾಯಿ ತೆರೆಸಿ ಟಾರ್ಚ್ ಬೆಳಕು ಬಿಟ್ಟರೆ ಕಿರುನಾಲಿಗೆಯ ಎಡಬಲಕ್ಕೆ ಕಾಣುವ ಎರಡು ಗುಲಾಬಿ ಉಂಡೆಗಳೇ ಟಾನ್ಸಿಲ್‌ಗಳು, ಕನ್ನಡದಲ್ಲಿ ಗಲಗ್ರಂಥಿಗಳು. ವಿಪರ್ಯಾಸವೆಂದರೆ, “ಡಾಕ್ಟ್ರೇ, ಮಗೂಗೆ ಪದೇ ಪದೇ ಶೀತ ಆಗುತ್ತೆ, ಬೇಸಿಗೆ ರಜದಲ್ಲಿ ಟಾನ್ಸಿಲ್ ತೆಗೆಸಿಬಿಡೋಣವಾ?” ಎಂದು ಕೇಳುವವರೂ ಇದೇ ತಂದೆತಾಯಂದಿರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಟಾನ್ಸಿಲ್ ದಪ್ಪಗಿದೆ ಎಂಬುದು ಒಂದು ಕಾಯಿಲೆಯಲ್ಲ. ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಅದನ್ನು ತೆಗೆಸಲು ಕಾರಣವೂ ಅಲ್ಲ. ತೆಗೆಸಲೇಬೇಕಾದ ಸಂದರ್ಭಗಳು ಖಂಡಿತ ಇವೆ. ಆದರೆ ಅವು ನಾವು ಅಂದುಕೊಂಡಿರುವುದಕ್ಕಿಂತ ಕಡಿಮೆ.

ಬಾಗಿಲಲ್ಲಿ ಕುಳಿತ ಕಾವಲು

ಟಾನ್ಸಿಲ್ ಒಂಟಿಯಲ್ಲ. ಮೂಗಿನ ಹಿಂಭಾಗದಲ್ಲಿ, ಬಾಯಿಯಿಂದ ನೋಡಿದರೆ ಕಾಣದಂತೆ, ಅಡಿನಾಯ್ಡ್ ಎಂಬ ಇನ್ನೊಂದು ಗ್ರಂಥಿಯಿದೆ. ನಾಲಿಗೆಯ ಬುಡದಲ್ಲಿ ಮತ್ತೊಂದು, ಕಿವಿಯಿಂದ ಗಂಟಲಿಗೆ ಇಳಿಯುವ ನಳಿಕೆಯ ಬಾಯಿಯಲ್ಲಿ ಎರಡು. ಇವೆಲ್ಲ ಸೇರಿ ಗಂಟಲಿನ ಸುತ್ತ ಒಂದು ಉಂಗುರದಂತೆ ಕುಳಿತಿವೆ. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ವಾಲ್ಡೇಯರ್ 1884ರಲ್ಲಿ ಇದನ್ನು ವಿವರಿಸಿದ್ದರಿಂದ ಇಂದಿಗೂ ವೈದ್ಯರು ಇದನ್ನು ವಾಲ್ಡೇಯರ್ ಉಂಗುರವೆಂದೇ ಕರೆಯುತ್ತಾರೆ. ನಾವು ಉಸಿರಾಡುವ ಗಾಳಿಯೂ ತಿನ್ನುವ ಅನ್ನವೂ ಈ ಉಂಗುರವನ್ನು ದಾಟಿಯೇ ಒಳಗೆ ಹೋಗಬೇಕು. ಊರಿನ ಕೋಟೆಗೆ ಬಾಗಿಲಿದ್ದಂತೆ, ಬಾಗಿಲಿಗೆ ಕಾವಲಿದ್ದಂತೆ.

ಕಂಕುಳಲ್ಲಿ, ತೊಡೆಸಂದಿಯಲ್ಲಿ ಇರುವ ದುಗ್ಧಗ್ರಂಥಿಗಳಿಗೆ ರೋಗಾಣುಗಳ ಸುದ್ದಿ ನಾಳಗಳ ಮೂಲಕ ತಲುಪುತ್ತದೆ. ಟಾನ್ಸಿಲ್ ಹಾಗಲ್ಲ, ಅದು ರೋಗಾಣುಗಳನ್ನು ತಾನೇ ನೇರವಾಗಿ ಹಿಡಿದು ನೋಡುತ್ತದೆ. ಪ್ರತಿಯೊಂದು ಟಾನ್ಸಿಲ್‌ನ ಮೇಲ್ಮೈಯಲ್ಲಿ 10ರಿಂದ 30 ಆಳವಾದ ಕುಳಿಗಳಿವೆ. ಗಾಳಿಯಲ್ಲಿ ಬಂದ ವೈರಸ್ಸು, ಬ್ಯಾಕ್ಟೀರಿಯಾ, ಧೂಳಿನ ಕಣ ಈ ಕುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕುಳಿಯ ಗೋಡೆಯಲ್ಲಿರುವ ವಿಶೇಷ ಜೀವಕೋಶಗಳು ಅವುಗಳ ತುಣುಕನ್ನು ಒಳಗಿನ ಬಿಳಿ ರಕ್ತಕಣಗಳಿಗೆ ಒಪ್ಪಿಸುತ್ತವೆ. ಅಲ್ಲಿ ಬಿ-ಕಣ, ಟಿ-ಕಣಗಳೆಂಬ ಎರಡು ಬಗೆಯ ಕಣಗಳು ಆ ರೋಗಾಣುವಿನ ಗುರುತು ಹಿಡಿದು ತರಬೇತಿ ಪಡೆಯುತ್ತವೆ. ಬಿ-ಕಣಗಳು ಬೆಳೆದು ಪ್ರತಿಕಾಯಗಳನ್ನು ತಯಾರಿಸುತ್ತವೆ. ಇವುಗಳಲ್ಲಿ ಐಜಿಎ ಎಂಬ ಪ್ರತಿಕಾಯ ಮೂಗು-ಗಂಟಲಿನ ಲೋಳೆಯಲ್ಲಿ ಬೆರೆತು, ವೈರಸ್ಸು ಗೋಡೆಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ಕೆಲವು ಕಣಗಳು ನೆನಪಿನ ಕಣಗಳಾಗಿ ಉಳಿದು, ಅದೇ ವೈರಿ ಮತ್ತೆ ಬಂದಾಗ ಬೇಗ ಎಚ್ಚೆತ್ತುಕೊಳ್ಳುತ್ತವೆ.

ಈ ಕೆಲಸ ಭರದಿಂದ ಸಾಗುವುದು ಸುಮಾರು ಮೂರರಿಂದ ಹತ್ತು ವರ್ಷದವರೆಗೆ. ಅಂಗನವಾಡಿ, ನರ್ಸರಿ, ಪ್ರಾಥಮಿಕ ಶಾಲೆಯ ವಯಸ್ಸು ಅದು. ಮಗು ನಾಲ್ಕು ಗೋಡೆ ಬಿಟ್ಟು ಹತ್ತಾರು ಮಕ್ಕಳ ನಡುವೆ ಕುಳಿತಾಗ ದಿನಕ್ಕೊಂದು ಹೊಸ ರೋಗಾಣುವಿನ ಪರಿಚಯವಾಗುತ್ತದೆ. ಟಾನ್ಸಿಲ್ ಆಗ ಉಬ್ಬುವುದು ಸಹಜ. ಗರಡಿಯಲ್ಲಿ ಸಾಮು ಮಾಡುವವನ ತೋಳು ಉಬ್ಬಿದಂತೆ. ಪ್ರಾಯಕ್ಕೆ ಬಂದ ಮೇಲೆ ಅದು ತಾನಾಗಿಯೇ ಕುಗ್ಗುತ್ತದೆ. ಅಡಿನಾಯ್ಡ್ ಅಂತೂ ದೊಡ್ಡವರಲ್ಲಿ ಬಹುಮಟ್ಟಿಗೆ ಕರಗಿಯೇ ಹೋಗಿರುತ್ತದೆ.

ಕೋವಿಡ್ ಕಲಿಸಿದ ಪಾಠ

ಟಾನ್ಸಿಲ್ ಕೆಲಸಕ್ಕೆ ಬಾರದ ಅಂಗವೆಂದು ನಂಬಿದ್ದವರಿಗೆ ಕೋವಿಡ್ ಕಾಲ ಹೊಸ ಪಾಠ ಹೇಳಿತು. 2021ರ ಜೂನ್-ಜುಲೈನಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 70 ಜಿಲ್ಲೆಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆಸಿತು. ನಮ್ಮ ರಾಜ್ಯದ ಬೆಂಗಳೂರು ನಗರ, ಚಿತ್ರದುರ್ಗ, ಕಲಬುರಗಿ ಜಿಲ್ಲೆಗಳು ಅದರಲ್ಲಿದ್ದವು. 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2, 10ರಿಂದ 17 ವರ್ಷದವರಲ್ಲಿ ಶೇ 61.6 ಮಂದಿಯ ರಕ್ತದಲ್ಲಿ ಕೋವಿಡ್ ವಿರುದ್ಧ ಪ್ರತಿಕಾಯಗಳಿದ್ದವು. ಆ ಹೊತ್ತಿಗೆ ಮಕ್ಕಳಿಗೆ ಲಸಿಕೆ ಬಂದಿರಲಿಲ್ಲ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಶಾಲೆಗಳು ತೆರೆದದ್ದೇ 2021ರ ಅಕ್ಟೋಬರ್ 25ರಂದು. ಅಂದರೆ, ಮನೆಯಲ್ಲೇ ಇದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ಬಹುಪಾಲು ಮಕ್ಕಳು ಅದನ್ನು ಸಾಮಾನ್ಯ ನೆಗಡಿ-ಜ್ವರದಂತೆ, ಎಷ್ಟೋ ಬಾರಿ ಗೊತ್ತೇ ಆಗದಂತೆ ದಾಟಿದ್ದರು. ಅದೇ ಮನೆಯ ಅಜ್ಜ ಅಜ್ಜಿ ಆಸ್ಪತ್ರೆಯಲ್ಲಿ ಆಮ್ಲಜನಕಕ್ಕಾಗಿ ಪರದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ.

ಹೀಗೇಕೆ? ಕಾರಣಗಳು ಹಲವು. ಎರಡನ್ನು ಮಾತ್ರ ಹೇಳುತ್ತೇನೆ. ಬರ್ಲಿನ್ನಿನ ಶಾರಿಟೇ ಆಸ್ಪತ್ರೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ಮೂಗಿನ ಒಳಪದರದ ಜೀವಕೋಶಗಳು ವೈರಸ್ಸನ್ನು ಗುರುತಿಸುವ ವಿಷಯದಲ್ಲಿ ದೊಡ್ಡವರಿಗಿಂತ ಮೊದಲೇ ಸನ್ನದ್ಧವಾಗಿರುತ್ತವೆ ಎಂಬುದು ಕಂಡುಬಂತು. ಕಳ್ಳ ಬಂದ ಮೇಲೆ ಕಣ್ಣುಜ್ಜಿಕೊಳ್ಳುವ ಕಾವಲುಗಾರನಿಗೂ ಎದ್ದು ಕುಳಿತೇ ಇರುವವನಿಗೂ ಇರುವ ವ್ಯತ್ಯಾಸವಿದು. ಎರಡನೆಯದು ವಾಷಿಂಗ್ಟನ್ನಿನ ಮಕ್ಕಳ ಆಸ್ಪತ್ರೆ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2022ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನ. ಬೇರೆ ಕಾರಣಗಳಿಗಾಗಿ ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡ ಮಕ್ಕಳ ಪೈಕಿ ಹಿಂದೆ ಕೋವಿಡ್ ಬಂದುಹೋಗಿದ್ದ 24 ಮಕ್ಕಳ ಗ್ರಂಥಿಗಳನ್ನು ಅವರು ಪರೀಕ್ಷಿಸಿದರು. ಕೋವಿಡ್ ವೈರಸ್ಸನ್ನು ಗುರುತಿಸಬಲ್ಲ ನೆನಪಿನ ಬಿ-ಕಣಗಳು, ಟಿ-ಕಣಗಳು ಸೋಂಕು ವಾಸಿಯಾದ ನಂತರವೂ ಅಲ್ಲಿ ಬೀಡುಬಿಟ್ಟಿದ್ದವು. ಮಗುವಿನ ಗಂಟಲು ತಾನು ಕಲಿತ ಪಾಠವನ್ನು ಗಂಟಲಲ್ಲೇ ಇಟ್ಟುಕೊಂಡಿತ್ತು.

ಇದರಿಂದ ಟಾನ್ಸಿಲ್ ಇದ್ದವರಿಗೆ ಕಾಯಿಲೆಯೇ ಬಾರದು ಎಂದರ್ಥವಲ್ಲ. ಅದೇ ಕುಳಿಗಳಲ್ಲಿ ಕೆಲವು ವೈರಸ್ಸುಗಳು ಬಹುಕಾಲ ಅಡಗಿ ಕೂರುವುದೂ ಉಂಟು. ಕಾವಲು ಠಾಣೆಯಲ್ಲೇ ಕಳ್ಳ ಮಲಗಿದಂತೆ! ಆದರೆ ಅದಕ್ಕಾಗಿ ಊರಿನ ಠಾಣೆಗಳನ್ನೆಲ್ಲ ಕೆಡವುವುದಿಲ್ಲವಷ್ಟೆ.

ತೆಗೆದರೆ ಏನಾಗುತ್ತದೆ?

ಕಾಶ್ಮೀರ ಮೂಲದ ವೈದ್ಯ ಪ್ಯಾರೆ ಓಗ್ರಾ ಅಮೆರಿಕದಲ್ಲಿ ನಡೆಸಿದ ಒಂದು ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಪೋಲಿಯೊ ಲಸಿಕೆ ಪಡೆದಿದ್ದ ಮಕ್ಕಳಿಗೆ ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದ ಮೇಲೆ, ಅವರ ಮೂಗು-ಗಂಟಲಿನಲ್ಲಿದ್ದ ಪೋಲಿಯೊ ಪ್ರತಿಕಾಯದ ಪ್ರಮಾಣ ಮೂರು-ನಾಲ್ಕು ಪಟ್ಟು ಇಳಿಯಿತು. ಗ್ರಂಥಿ ತೆಗೆದ ನಂತರ ಲಸಿಕೆಯ ಹನಿ ಪಡೆದ ಮಕ್ಕಳಲ್ಲಿ ಗಂಟಲಿನ ಪ್ರತಿಕಾಯ ತಡವಾಗಿಯೂ ಕಡಿಮೆಯಾಗಿಯೂ ಹುಟ್ಟಿತು.

2018ರಲ್ಲಿ ಡೆನ್ಮಾರ್ಕಿನ ದಾಖಲೆಗಳನ್ನು ಆಧರಿಸಿದ ಇನ್ನೊಂದು ಅಧ್ಯಯನ ಬಂತು. 1979ರಿಂದ 1999ರ ನಡುವೆ ಹುಟ್ಟಿದ ಸುಮಾರು 12 ಲಕ್ಷ ಮಕ್ಕಳ ಆರೋಗ್ಯ ದಾಖಲೆಗಳು ಅದರಲ್ಲಿದ್ದವು. ಒಂಬತ್ತು ವರ್ಷದೊಳಗೆ ಟಾನ್ಸಿಲ್ ತೆಗೆಸಿಕೊಂಡವರಲ್ಲಿ ಮುಂದೆ ಮೂಗು-ಗಂಟಲಿನ ಕಾಯಿಲೆಗಳ ಸಂಭವ ಉಳಿದವರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚಾಗಿತ್ತು.

ಈ ಅಂಕಿಗಳನ್ನು ಓದಿ, ಈಗಾಗಲೇ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿಸಿರುವ ತಾಯಂದಿರು ಗಾಬರಿಯಾಗಬೇಕಿಲ್ಲ. ಆಪರೇಷನ್ ಆದ ಮಕ್ಕಳು ಮೊದಲಿಂದಲೂ ಹೆಚ್ಚು ಕಾಯಿಲೆ ಬೀಳುತ್ತಿದ್ದವರೇ ಆಗಿರಬಹುದು. ಆದ್ದರಿಂದ ತಪ್ಪೆಲ್ಲ ಆಪರೇಷನ್ನಿನದೇ ಎಂದು ಹೇಳಲಾಗದು. ದೇಹ ಒಂದೇ ಕಾವಲನ್ನು ನಂಬಿ ಕುಳಿತಿಲ್ಲ. ಉಂಗುರದ ಉಳಿದ ಭಾಗಗಳು, ಕತ್ತಿನ ಗ್ರಂಥಿಗಳು, ಗುಲ್ಮ, ಮೂಳೆಮಜ್ಜೆ ಎಲ್ಲವೂ ಕೆಲಸಕ್ಕೆ ನಿಲ್ಲುತ್ತವೆ. ಲಕ್ಷಾಂತರ ಮಂದಿ ಟಾನ್ಸಿಲ್ ಇಲ್ಲದೆ ಆರೋಗ್ಯವಾಗಿದ್ದಾರೆ. ನನ್ನ ಮಾತು ಇಷ್ಟೇ: ಉಪಯೋಗವಿರುವ ಅಂಗವನ್ನು ತೆಗೆಯಲು ಅದಕ್ಕಿಂತ ದೊಡ್ಡ ಕಾರಣ ಬೇಕು.

ನ್ಯೂಯಾರ್ಕಿನ ಸಾವಿರ ಮಕ್ಕಳು

ವೈದ್ಯರಾದ ನಾವೇ ನೆನಪಿಡಬೇಕಾದ ಕಥೆಯೊಂದಿದೆ. 1930ರ ದಶಕದಲ್ಲಿ ನ್ಯೂಯಾರ್ಕಿನ ಶಾಲೆಗಳ ಹನ್ನೊಂದು ವರ್ಷದ ಸಾವಿರ ಮಕ್ಕಳನ್ನು ಅಮೆರಿಕದ ಮಕ್ಕಳ ಆರೋಗ್ಯ ಸಂಘ ಪರೀಕ್ಷಿಸಿತು. 611 ಮಕ್ಕಳಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರಿಗೆ ತೋರಿಸಿದಾಗ 174 ಮಂದಿಗೆ ಆಪರೇಷನ್ ಬೇಕೆಂದರು. ‘ಬೇಡ’ ಎನ್ನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರು. ಅವರು 99 ಮಂದಿಗೆ ಬೇಕೆಂದರು. ಅಲ್ಲಿಯೂ ಪಾರಾದ 116 ಮಕ್ಕಳನ್ನು ಮೂರನೆಯ ಬಾರಿ ತೋರಿಸಿದಾಗ ಮತ್ತೆ 51 ಮಂದಿಯ ಹೆಸರು ಪಟ್ಟಿ ಸೇರಿತು. ಕೊನೆಗೆ ಸಾವಿರದಲ್ಲಿ ಉಳಿದವರು 65 ಮಕ್ಕಳು! ಪ್ರತಿ ಬಾರಿಯೂ ಹೆಚ್ಚುಕಡಿಮೆ ಅದೇ ಅನುಪಾತ. ಅಂದರೆ ವೈದ್ಯರು ನೋಡಿದ್ದು ಮಗುವಿನ ಕಾಯಿಲೆಯನ್ನಲ್ಲ, ತಮ್ಮ ರೂಢಿಯನ್ನು.

ಕಾಲ ಬದಲಾಗಿದೆ, ಇಂದಿನ ಕಿವಿ-ಮೂಗು-ಗಂಟಲು ತಜ್ಞರು ಅಷ್ಟು ಸುಲಭವಾಗಿ ಕತ್ತರಿ ಎತ್ತುವುದಿಲ್ಲ. ಎಷ್ಟೋ ಬಾರಿ ಒತ್ತಾಯ ಬರುವುದು ಮನೆಯವರಿಂದಲೇ. “ಪಕ್ಕದ ಮನೆ ಹುಡುಗನಿಗೆ ತೆಗೆಸಿದ ಮೇಲೆ ಶೀತವೇ ಇಲ್ಲವಂತೆ” ಎಂಬ ಮಾತು ಕಿವಿಗೆ ಬಿದ್ದರೆ ಸಾಕು. ಆ ಹುಡುಗನಿಗೆ ವಯಸ್ಸು ಒಂದೆರಡು ವರ್ಷ ಹೆಚ್ಚಾಯಿತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2014ರಲ್ಲಿ ಮಾಡಿದ ವಿಮರ್ಶೆಯ ಪ್ರಕಾರ, ಆಪರೇಷನ್ ಆದ ಮಕ್ಕಳಿಗೆ ಮೊದಲ ವರ್ಷದಲ್ಲಿ ಸರಾಸರಿ 3 ಬಾರಿ ಗಂಟಲುನೋವು ಬಂದರೆ, ಆಗದವರಿಗೆ 3.6 ಬಾರಿ ಬಂದಿತ್ತು. ಆ ಮೂರರಲ್ಲಿ ಒಂದು ಆಪರೇಷನ್ನಿನದೇ ನೋವು. ಲಾಭ ಇದೆ, ಆದರೆ ನಾವು ಊಹಿಸಿದಷ್ಟಿಲ್ಲ.

ಶಸ್ತ್ರಚಿಕಿತ್ಸೆ ಯಾವಾಗ ಬೇಕು?

ಅಮೆರಿಕದ ಪಿಟ್ಸ್‌ಬರ್ಗಿನ ಡಾ. ಜ್ಯಾಕ್ ಪ್ಯಾರಡೈಸ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದ ಅಳತೆಗೋಲನ್ನೇ ಇಂದಿಗೂ ತಜ್ಞರು ಬಳಸುತ್ತಾರೆ. ಒಂದು ವರ್ಷದಲ್ಲಿ 7 ಬಾರಿ, ಇಲ್ಲವೇ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಬಾರಿ, ಇಲ್ಲವೇ ಮೂರು ವರ್ಷ ಸತತವಾಗಿ ವರ್ಷಕ್ಕೆ 3 ಬಾರಿ ನಿಜವಾದ ಗಂಟಲುಬೇನೆ ಬಂದಿರಬೇಕು. ‘ನಿಜವಾದ’ ಎಂದರೆ ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನಲ್ಲಿ ನೋಯುವ ಗಂಟು ಇವುಗಳಲ್ಲಿ ಒಂದಾದರೂ ಇದ್ದು, ವೈದ್ಯರು ಕಣ್ಣಾರೆ ನೋಡಿ ಬರೆದಿಟ್ಟಿರಬೇಕು. ಮೂಗು ಸೋರುವ ಶೀತ ಈ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮಗುವಿಗೆ ಜ್ವರ ಬಂದ ದಿನ, ಗಂಟಲು ನೋಡಿದ ವೈದ್ಯರು ಹೇಳಿದ್ದು, ಕೊಟ್ಟ ಔಷಧಿ ಎಲ್ಲವನ್ನೂ ಬರೆದಿಡಿ. ‘ತಿಂಗಳಿಗೊಂದು ಸಲ ಬರುತ್ತೆ’ ಎನ್ನುವ ಮಾತಿಗಿಂತ ಆ ಪುಟಗಳು ತಜ್ಞರಿಗೆ ಹೆಚ್ಚು ಹೇಳುತ್ತವೆ.

ಇದಕ್ಕಿಂತ ಮುಖ್ಯವಾದ ಕಾರಣ ಉಸಿರಾಟದ ಅಡಚಣೆ. ರಾತ್ರಿ ಮಗು ಜೋರಾಗಿ ಗೊರಕೆ ಹೊಡೆಯುತ್ತದೆಯೇ? ನಡುವೆ ಉಸಿರು ಕಟ್ಟಿ, ಕೆಲವು ಕ್ಷಣ ನಿಂತು, ಬೆಚ್ಚಿ ಎದ್ದಂತೆ ಮತ್ತೆ ಉಸಿರೆಳೆಯುತ್ತದೆಯೇ? ಸದಾ ಬಾಯಿ ತೆರೆದೇ ಮಲಗುತ್ತದೆಯೇ? ಬೆಳಿಗ್ಗೆ ಎದ್ದಾಗ ಮಂಕಾಗಿದ್ದು ತರಗತಿಯಲ್ಲಿ ತೂಕಡಿಸುತ್ತದೆಯೇ? ಕರೆದರೆ ಕೇಳಿಸದಂತಿರುತ್ತದೆಯೇ? ಹೀಗಿದ್ದರೆ ತಡಮಾಡದೆ ತಜ್ಞರಿಗೆ ತೋರಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆ ಆದವರ ಪೈಕಿ ಶೇ 79 ಮಂದಿಯ ನಿದ್ದೆಯ ಉಸಿರಾಟ ಏಳು ತಿಂಗಳಲ್ಲಿ ಸಹಜವಾಯಿತು. ಕಾದು ನೋಡಿದವರಲ್ಲಿ ಶೇ 46. ಇಂಥ ಮಗುವಿಗೆ ‘ಕಾವಲು ಗ್ರಂಥಿ ಇರಲಿ’ ಎಂದು ಆಪರೇಷನ್ ಮುಂದೂಡುವುದು ತಪ್ಪು. ಬಾಗಿಲಲ್ಲಿ ಕುಳಿತವನು ಬಾಗಿಲನ್ನೇ ಮುಚ್ಚಿದರೆ ಅವನನ್ನು ಎಬ್ಬಿಸಲೇಬೇಕು. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿ ಬಾಯಿ ತೆರೆಯಲಾಗದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಕಾವಲಿಗೆ ನೆರವಾಗಿ

ಮಗುವಿನ ಗಂಟಲು ತನ್ನ ಕೆಲಸ ತಾನು ಮಾಡಲು ನಾವು ಮಾಡಬೇಕಾದದ್ದೂ ಇದೆ, ಮಾಡಬಾರದ್ದೂ ಇದೆ.

ಮೂಗು ಸೋರುವುದು, ಕೆಮ್ಮು, ಕಣ್ಣು ಕೆಂಪಾಗುವುದು ಜೊತೆಗಿದ್ದರೆ ಅದು ಬಹುತೇಕ ವೈರಸ್ಸಿನ ಸೋಂಕು. ಆಂಟಿಬಯಾಟಿಕ್ ಔಷಧಿ ವೈರಸ್ಸನ್ನು ಮುಟ್ಟುವುದೂ ಇಲ್ಲ. ಹೋದ ಸಲ ಬರೆದುಕೊಟ್ಟ ಚೀಟಿಯನ್ನು ಔಷಧಿ ಅಂಗಡಿಗೆ ಒಯ್ದು ಮತ್ತೆ ಅದನ್ನೇ ತರುವುದನ್ನು ದಯವಿಟ್ಟು ಬಿಡಿ. ಆದರೆ ಮೂಗು ಸೋರದೆ, ಕೆಮ್ಮಿಲ್ಲದೆ, ಜೋರು ಜ್ವರದೊಡನೆ ಟಾನ್ಸಿಲ್ ಮೇಲೆ ಕೀವು ಕಂಡರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಇರಬಹುದು. ಅದನ್ನು ಅಲಕ್ಷಿಸಿದರೆ 5ರಿಂದ 15 ವರ್ಷದ ಮಕ್ಕಳಲ್ಲಿ ಕೀಲುವಾತ ಜ್ವರ ಬಂದು ಹೃದಯದ ಕವಾಟ ಕೆಡುವ ಅಪಾಯ ನಮ್ಮ ದೇಶದಲ್ಲಿ ಇನ್ನೂ ಇದೆ. ಆಗ ವೈದ್ಯರು ಪೆನಿಸಿಲಿನ್ ಗುಂಪಿನ ಔಷಧಿಯನ್ನು ಹತ್ತು ದಿನಕ್ಕೆ ಬರೆದರೆ, ಮೂರನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸದೆ ಹತ್ತೂ ದಿನ ಕೊಡಿ.

ಕೆಮ್ಮಿನ ಸಿರಪ್ಪುಗಳ ಮೋಹವನ್ನೂ ಕಡಿಮೆ ಮಾಡೋಣ. ಕಲಬೆರಕೆ ಸಿರಪ್ಪಿನಿಂದ ಮಧ್ಯಪ್ರದೇಶದಲ್ಲಿ ಮಕ್ಕಳು ಸತ್ತ ನಂತರ, ಎರಡು ವರ್ಷದೊಳಗಿನ ಮಕ್ಕಳಿಗೆ ಶೀತ-ಕೆಮ್ಮಿನ ಔಷಧಿ ಬರೆಯಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚಿಸಿತು. ಬಿಸಿ ಗಂಜಿ, ಬೇಳೆಕಟ್ಟಿನ ಸಾರು, ಮೂಗು ಕಟ್ಟಿದರೆ ಉಪ್ಪುನೀರಿನ ಹನಿ, ವರ್ಷ ತುಂಬಿದ ಮಗುವಿಗೆ ಒಂದು ಚಮಚ ಜೇನುತುಪ್ಪ, ಬೇಕಾದಷ್ಟು ನಿದ್ದೆ ಇಷ್ಟು ಸಾಕು. ಬಾಳೆಹಣ್ಣು, ಮೊಸರು ತಿಂದರೆ ಟಾನ್ಸಿಲ್ ಬರುತ್ತದೆ ಎಂಬ ಭಯ ಬೇಡ. ‘ಕಿರುನಾಲಿಗೆ ಬಿದ್ದಿದೆ’ ಎಂದು ಮಗುವಿನ ಗಂಟಲಿಗೆ ಬೆರಳು ಹಾಕಿ ಎತ್ತುವುದೂ ಬೇಡ.

ಬೆಂಗಳೂರಿನ ಮಕ್ಕಳಿಗೆ ಇನ್ನೊಂದು ಕಾಟವಿದೆ, ಅಲರ್ಜಿ. ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ನಗರದಲ್ಲಿ ನಡೆಸಿದ ಅಧ್ಯಯನದಲ್ಲಿ ಆಸ್ಪತ್ರೆಗೆ ಬಂದ ಮಕ್ಕಳ ಪೈಕಿ ಆಸ್ತಮಾ ಇದ್ದವರು 1979ರಲ್ಲಿ ಶೇ 9 ಇದ್ದು, 1999ರಲ್ಲಿ ಶೇ 29.5ಕ್ಕೆ ಏರಿದ್ದರು. ಸದಾ ಸೋರುವ ಮೂಗು, ಊದಿದ ಅಡಿನಾಯ್ಡ್‌ನ ಹಿಂದೆ ಎಷ್ಟೋ ಬಾರಿ ಅಲರ್ಜಿಯೇ ಇರುತ್ತದೆ. ಅದಕ್ಕೆ ಚಿಕಿತ್ಸೆ ಕೊಟ್ಟರೆ ಗ್ರಂಥಿ ತಾನೇ ಇಳಿಯಬಹುದು. ಮಗು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ, ಧೂಪದ ಹೊಗೆ ಬೇಡ. ಬೀಡಿ-ಸಿಗರೇಟು ಸೇದುವ ತಂದೆ ಮನೆಯ ಹೊರಗೆ ಸೇದಿದರೆ ಸಾಲದು, ಬಿಟ್ಟರೇ ಒಳ್ಳೆಯದು.

ಎದೆಹಾಲಿನಲ್ಲಿ ಐಜಿಎ ಪ್ರತಿಕಾಯ ಸಿದ್ಧವಾಗಿಯೇ ಇರುತ್ತದೆ. ಕೂಸಿನ ಟಾನ್ಸಿಲ್ ಇನ್ನೂ ಪಾಠ ಕಲಿಯದ ಆರು ತಿಂಗಳಲ್ಲಿ ತಾಯಿಯ ಹಾಲೇ ಅದರ ಕಾವಲು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪೆಂಟಾವಲೆಂಟ್, ನ್ಯುಮೋನಿಯಾ ತಡೆಯುವ ಪಿಸಿವಿ, ದಡಾರ-ರುಬೆಲ್ಲಾ ಲಸಿಕೆಗಳು ಉಚಿತವಾಗಿ ಸಿಗುತ್ತವೆ, ಒಂದನ್ನೂ ತಪ್ಪಿಸಬೇಡಿ. ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ; ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿ ವರ್ಷ ಕೊಡಿಸಬೇಕೆಂಬುದು ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ.

ಶಾಲೆಗಳಿಗೂ ಒಂದು ಮಾತು. ಜ್ವರ, ಕೆಮ್ಮು ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಬಂದರೆ ಮನೆಗೆ ಕಳಿಸಿ ಎಂದು ರಾಜ್ಯ ಸರ್ಕಾರ 2025ರ ಮೇ ಕೊನೆಯಲ್ಲಿ ಸುತ್ತೋಲೆ ಹೊರಡಿಸಿತು. ಇತ್ತ ಎಷ್ಟೋ ಶಾಲೆಗಳು ಶೇ 100 ಹಾಜರಾತಿಗೆ ಬಹುಮಾನ ಕೊಡುತ್ತವೆ, ಕಿರುಪರೀಕ್ಷೆ ತಪ್ಪಿದರೆ ಅಂಕ ಕಳೆಯುತ್ತವೆ. ಜ್ವರದ ಮಗುವಿಗೆ ಪ್ಯಾರಾಸಿಟಮಾಲ್ ಕುಡಿಸಿ ವ್ಯಾನು ಹತ್ತಿಸುವ ತಾಯಿಯನ್ನು ಬೈದು ಫಲವಿಲ್ಲ. ಆ ಬಹುಮಾನವನ್ನು ಮೊದಲು ನಿಲ್ಲಿಸಬೇಕು.

ತಡಮಾಡಬಾರದ ಹೊತ್ತು

ಕೊನೆಯದಾಗಿ, ಕಾವಲು ಸೋಲುವ ಹೊತ್ತನ್ನು ಪ್ರತಿಯೊಂದು ಮನೆಯವರೂ ಗುರುತಿಸುವಂತಾಗಬೇಕು. ಮಗು ಶಾಂತವಾಗಿರುವಾಗ ಗಡಿಯಾರ ಹಿಡಿದು ಒಂದು ನಿಮಿಷದ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬರೀ ಶೀತವಲ್ಲ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಮಂಪರು ಬಿಡದಿರುವುದು ಕಂಡರೆ ರಾತ್ರಿಯಾದರೂ ಸರಿ, ಮಕ್ಕಳ ಆಸ್ಪತ್ರೆಗೆ ಕರೆದೊಯ್ಯಿರಿ.

ಇವು ಯಾವುವೂ ಇಲ್ಲದೆ, ಮೂಗು ಸೋರುತ್ತಲೇ ಆಟವಾಡುತ್ತಿರುವ ಮಗುವಿಗೆ ಒಂದು ವಾರ ಸಮಯ ಕೊಡಿ. ಅದರ ಗಂಟಲಲ್ಲಿ ಆಗ ಪಾಠ ನಡೆಯುತ್ತಿರುತ್ತದೆ. ಆಪರೇಷನ್ನಿನ ಮಾತು ಬಂದರೆ ಒಂದೇ ಒಂದು ಪ್ರಶ್ನೆ ಕೇಳಿ: “ಇದನ್ನು ಈಗಲೇ ತೆಗೆಯದಿದ್ದರೆ ಮಗುವಿಗೆ ಏನು ತೊಂದರೆ?” ಸ್ಪಷ್ಟ ಉತ್ತರ ಸಿಕ್ಕರೆ ಧೈರ್ಯವಾಗಿ ಮಾಡಿಸಿ. ಸಿಗದಿದ್ದರೆ ಇನ್ನೊಬ್ಬ ತಜ್ಞರನ್ನು ಕಾಣಿರಿ. ಅಲ್ಲಿಯವರೆಗೆ ಮಗುವಿನ ಟಾನ್ಸಿಲ್ ಇದ್ದಲ್ಲೇ ಇರಲಿ.